ಹಿತ್ತಲಿಗೊಂದು ವೈರು

ನಮ್ಮಪ್ಪನ ಹತ್ರ ಒಂದು ಹಳೇ ಟ್ರಾನ್ಸಿಸ್ಟರ್ ಇದೆ. ದಿನಾ ಬೆಳಿಗ್ಗೆ ಅದನ್ನ ಹಿತ್ತಲಿನ ಸೀಬೆ ಮರದ ಕೆಳಗಿರೋ ಕಲ್ಲುಬೆಂಚಿನ ಮೇಲಿಟ್ಟು, ಆಕಾಶವಾಣಿ ಮೈಸೂರು ಹಾಕಿ, ಪೇಪರ್ ಬಿಡಿಸ್ತಾರೆ. ಅದೇ ಹಿತ್ತಲಲ್ಲಿ ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಹೋಗಿ ಕೂತ್ರೆ ಐದು ನಿಮಿಷಕ್ಕೆ ಎದ್ದು ಒಳಗೆ ಬರ್ತೀನಿ. ಅದನ್ನ ನೋಡಿ ಅಪ್ಪ ಕೇಳಿದ್ದು ಇಷ್ಟೇ: "ನನ್ನ ರೇಡಿಯೋ ಇಲ್ಲೂ ಬರುತ್ತೆ, ಬಚ್ಚಲಲ್ಲೂ ಬರುತ್ತೆ, ಬೆಟ್ಟದ ಮೇಲೂ ಬರುತ್ತೆ. ನೀನು ತಿಂಗಳು ತಿಂಗಳು ದುಡ್ಡು ಕಟ್ಟೋದು ಹಾಲಿನಿಂದ ಹಿತ್ತಲಿಗೆ ಬರಲ್ಲ ಅಂದ್ರೆ ಅದೇನು ಇಂಜಿನಿಯರಿಂಗ್ ಓದಿದೆಯೋ?"

ಎಂಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೋನಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಕಾಲೇಜಲ್ಲಿ ಓದಿ ಮಾರ್ಕ್ಸ್ ತಗೊಂಡಿದ್ದನ್ನ ಸ್ವಂತ ಮನೇಲಿ ಉಪಯೋಗಿಸೋಕೆ ನನಗೆ ಒಂದು ಪೆಟ್ಟು ಬೀಳಬೇಕಾಯ್ತು. ಪೆಟ್ಟು ಬಿದ್ದಿದ್ದು ಅಮ್ಮನಿಗೆ.

ಮೊದಲು ನಮ್ಮ ಮನೆ ಹೇಗಿದೆ ಅಂತ ಹೇಳ್ತೀನಿ. ಕುವೆಂಪುನಗರದಲ್ಲಿ ನಲವತ್ತು ಅರವತ್ತರ ಸೈಟು, ತೊಂಬತ್ತರ ದಶಕದಲ್ಲಿ ಅಪ್ಪ ಬ್ಯಾಂಕ್ ಸಾಲ ಮಾಡಿ ಕಟ್ಟಿಸಿದ್ದು. ಆ ಕಾಲದ ಮನೆಗಳಲ್ಲಿ ಒಂದು ಒಳ್ಳೇದು ಅಂದ್ರೆ ಹಿತ್ತಲು ಬಿಟ್ಟಿರ್ತಾರೆ. ಇನ್ನೊಂದು ಒಳ್ಳೇದು ಅಂದ್ರೆ ಗೋಡೆಗಳು ಒಂಬತ್ತು ಇಂಚಿನವು. ಎರಡೂ ಸೇರಿದ್ರೆ ವೈಫೈಗೆ ಕೆಟ್ಟದ್ದು. ಫೈಬರ್ ಹಾಕೋಕೆ ಬಂದ ಹುಡುಗ ಮುಂದಿನ ಕಿಟಕಿಯಲ್ಲಿ ತೂತು ಹೊಡೆದು, ಕಿಟಕಿ ಪಕ್ಕದಲ್ಲೇ ಡಬ್ಬಿ ನೇತು ಹಾಕಿ ಹೋಗಿದ್ದ. ಅವನಿಗೆ ಅದು ಹತ್ತಿರ. ಆ ಡಬ್ಬಿ ಟಿವಿ ಷೋಕೇಸ್ ಹಿಂದೆ ಸೇರ್ಕೊಂಡಿತ್ತು, ಧೂಳಾಗದಿರ್ಲಿ ಅಂತ ಅಮ್ಮ ಅದಕ್ಕೊಂದು ಕ್ರೋಶಾ ಕವರ್ ಬೇರೆ ಹಾಕಿದ್ಲು. ಅಲ್ಲಿಂದ ಹಿತ್ತಲಿನ ಒಗೆಯೋ ಕಲ್ಲಿಗೆ ನಲವತ್ತೈದು ಅಡಿ. ಮಧ್ಯೆ ಮೂರು ಗೋಡೆ, ಒಂದು ಫ್ರಿಜ್ಜು, ಒಂದು ಕಬ್ಬಿಣದ ಬೀರು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ.

ಹಿತ್ತಲಲ್ಲಿ ನೆಟ್ ಬೇಕಾಗಿದ್ದು ನನಗಿಂತ ಹೆಚ್ಚಾಗಿ ಅಮ್ಮನಿಗೆ. ಅಕ್ಕ ಡಲ್ಲಾಸ್‌ನಲ್ಲಿದ್ದಾಳೆ. ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಏಳು ಅಂದ್ರೆ ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಅಮ್ಮ ಹೂ ಕೀಳೋ ಹೊತ್ತು, ಅಕ್ಕ ಪಾತ್ರೆ ಜೋಡಿಸೋ ಹೊತ್ತು. ಅಮ್ಮ ಫೋನನ್ನ ಒಗೆಯೋ ಕಲ್ಲಿನ ಮೇಲೆ ನಿಲ್ಲಿಸಿ ದಾಸವಾಳ ತೋರಿಸಬೇಕು, ಕರಿಬೇವು ಎಷ್ಟೆತ್ತರ ಆಯ್ತು ಅಂತ ತೋರಿಸಬೇಕು, ಮೊಮ್ಮಗಳಿಗೆ ಅಳಿಲು ತೋರಿಸಬೇಕು. ಅಳಿಲು ಬರೋ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಹೋಗೋದು. "ಅಮ್ಮ, ಕೇಳ್ತಿಲ್ಲ, ಒಳಗೆ ಹೋಗು" ಅಂತ ಅಕ್ಕ, "ಈಗ? ಈಗ ಕೇಳುತ್ತಾ?" ಅಂತ ಅಮ್ಮ. ಈ ಸಂಭಾಷಣೆ ನಮ್ಮನೇಲಿ ಸುಪ್ರಭಾತದ ಥರ ದಿನಾ ನಡೀತಿತ್ತು.

ಇದಕ್ಕೆ ನಾನು ಮಾಡಿದ ಮೊದಲ ಘನಕಾರ್ಯ: ನೂರು ಎಂಬಿಪಿಎಸ್ ಪ್ಲಾನನ್ನ ಮುನ್ನೂರಕ್ಕೆ ಏರಿಸಿದೆ. ತಿಂಗಳಿಗೆ ಮುನ್ನೂರು ರೂಪಾಯಿ ಜಾಸ್ತಿ, ನಾಲ್ಕು ತಿಂಗಳು ಕಟ್ಟಿದೆ. ಹಾಲಲ್ಲಿ ಸ್ಪೀಡ್ ಟೆಸ್ಟ್ ಮಾಡಿದ್ರೆ ಮುಳ್ಳು ಓಡೋದು ನೋಡೋಕೆ ಚಂದ. ಹಿತ್ತಲಲ್ಲಿ ಅದೇ ಹಾಡು. ಕಾವೇರಿ ನೀರು ಸಂಪಿಗೆ ಎಷ್ಟೇ ಜೋರಾಗಿ ಬಂದ್ರೂ ಹಿತ್ತಲಿನ ನಲ್ಲಿಗೆ ಪೈಪೇ ಎಳೆದಿಲ್ಲ ಅಂದ್ರೆ ಏನು ಪ್ರಯೋಜನ? ಅಷ್ಟಕ್ಕೂ ಒಂದು ಒಳ್ಳೇ ವಿಡಿಯೋ ಕಾಲ್‌ಗೆ ಬೇಕಿರೋದು ಮೂರು ನಾಲ್ಕು ಎಂಬಿಪಿಎಸ್. ನೂರು ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಫೈಲ್ ಇಳಿಯೋ ವೇಗ (ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಅದಕ್ಕೆ ಎಂಟರಿಂದ ಭಾಗಿಸಬೇಕು). ನಾಲ್ಕು ಜನರ ಮನೆಗೆ ಅದು ಧಾರಾಳ. ನಿಮ್ಮ ಮನೇಲೂ ಯಾರಾದ್ರೂ "ಪ್ಲಾನ್ ಏರಿಸ್ಬಿಡೋಣ" ಅಂದ್ರೆ, ಮೊದಲು ರೂಟರ್ ಪಕ್ಕದಲ್ಲಿ ನಿಂತು ಒಂದು ಸಲ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲಿ ಸರಿಯಾಗಿ ಬರ್ತಿದೆ ಅಂದ್ರೆ ತೊಂದರೆ ಪ್ಲಾನ್‌ದಲ್ಲ, ಮನೆಯದ್ದು.

ಎರಡನೇ ಘನಕಾರ್ಯ, ಸಾವಿರದ ಆರುನೂರು ಕೊಟ್ಟು ಒಂದು ರಿಪೀಟರ್ ತರಿಸಿದೆ. ಎಲ್ಲಿ ಸಿಗ್ನಲ್ ಇಲ್ವೋ ಅಲ್ಲಿ ಹಾಕಿದ್ರಾಯ್ತು ಅಂತ ಹಿತ್ತಲ ಬಾಗಿಲ ಪಕ್ಕದ ಪ್ಲಗ್ಗಿಗೆ ಚುಚ್ಚಿದೆ. ಫೋನಲ್ಲಿ ಎಲ್ಲಾ ಕಡ್ಡಿಗಳೂ ತುಂಬಿಕೊಂಡವು. ಖುಷಿ ಎರಡು ದಿನ. ರಿಪೀಟರ್ ಅಂದ್ರೆ ಕೇಳಿಸ್ಕೊಂಡಿದ್ದನ್ನ ಮತ್ತೆ ಜೋರಾಗಿ ಹೇಳೋ ಯಂತ್ರ. ಅದಕ್ಕೇ ನೆಟ್ಟಗೆ ಕೇಳಿಸದ ಜಾಗದಲ್ಲಿ ಕೂರಿಸಿದ್ರೆ ಅರ್ಧಂಬರ್ಧ ಮಾತನ್ನೇ ಮೈಕಲ್ಲಿ ಕೂಗುತ್ತೆ. ಕಡ್ಡಿ ತುಂಬಿದ್ದು ಫೋನಿಗೂ ರಿಪೀಟರ್‌ಗೂ ನಡುವಿನ ಸಂಬಂಧ ಚೆನ್ನಾಗಿದೆ ಅಂತ ಅಷ್ಟೇ, ರಿಪೀಟರ್‌ಗೂ ರೂಟರ್‌ಗೂ ನಡುವಿನದ್ದು ಅದು ತೋರಿಸಲ್ಲ. ಜೊತೆಗೆ ಅಗ್ಗದ ರಿಪೀಟರ್‌ಗಳು ಕೇಳೋದೂ ಹೇಳೋದೂ ಒಂದೇ ಬ್ಯಾಂಡಿನಲ್ಲಿ. ಒಂದೇ ಸಲ ಎರಡೂ ಮಾಡೋಕಾಗಲ್ಲ, ಹಾಗಾಗಿ ವೇಗ ಅರ್ಧ. ಅದನ್ನ ಅಡುಗೆಮನೆಗೂ ಹಾಲಿಗೂ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಾಗಿರೋ ಕಡೆ ಹಾಕಿದ್ರೆ ಸ್ವಲ್ಪ ಉಪಯೋಗ ಆಗ್ತಿತ್ತು. ಅಲ್ಲಿ ಪ್ಲಗ್ಗಿರಲಿಲ್ಲ, ನನಗೆ ತಾಳ್ಮೆಯೂ ಇರಲಿಲ್ಲ. ಹಾಗೇ ಬಿಟ್ಟೆ.

ಆಷಾಢದ ಒಂದು ಶುಕ್ರವಾರ. ಅಪ್ಪ ಬೆಳಿಗ್ಗೆನೇ ಚಾಮುಂಡಿ ಬೆಟ್ಟಕ್ಕೆ ಹೋಗಿ ಸಾಲಲ್ಲಿ ನಿಂತಿದ್ರು. ನಾನು ಮಹಡಿ ಮೇಲಿನ ರೂಮಲ್ಲಿ ಬಾಗಿಲು ಹಾಕಿ, ಹೆಡ್‌ಫೋನ್ ಹಾಕ್ಕೊಂಡು ಕ್ಲೈಂಟ್ ಕಾಲಲ್ಲಿದ್ದೆ. ಹನ್ನೊಂದರ ಹೊತ್ತಿಗೆ ಅಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯೋಕೆ ಹೋಗಿ ಪಾಚಿ ಮೇಲೆ ಜಾರಿ ಬಿದ್ದಳು. ಕೈ ಊರಿ ಬಿದ್ದಿದ್ರಿಂದ ಏಳೋಕಾಗಲಿಲ್ಲ. ಫೋನ್ ಸೊಂಟದಲ್ಲೇ ಇತ್ತು. ವಾಟ್ಸಾಪಲ್ಲಿ ನನ್ನ ಫೋಟೋ ಮೇಲೇ ಇರುತ್ತಲ್ಲ, ಅದನ್ನ ಒತ್ತಿದ್ದಾಳೆ. ಕಾಲ್ ಹೋಗಲಿಲ್ಲ. ಮತ್ತೆ ಒತ್ತಿದ್ದಾಳೆ. ಮೂರು ಸಲ. ಕೂಗಿದ್ದು ಮಹಡಿಗೆ ಕೇಳಿಸಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಪಕ್ಕದ ಮನೆ ಆಂಟಿ ಟೆರೇಸ್ ಮೇಲೆ ಸಂಡಿಗೆ ಮುಚ್ಚೋಕೆ ಬಂದೋರು ನೋಡಿ ಗೇಟ್ ಬಡಿದ್ರು. ಮಣಿಕಟ್ಟಿನ ಮೂಳೆಯಲ್ಲಿ ಸಣ್ಣ ಬಿರುಕು, ಐದು ವಾರ ಪ್ಲಾಸ್ಟರ್. ದೊಡ್ಡದೇನೂ ಆಗಲಿಲ್ಲ.

ಆ ಕ್ಲೈಂಟ್ ಕಾಲಲ್ಲಿ ನನ್ನ ವಿಡಿಯೋ ಒಂದು ಸಲವೂ ನಿಲ್ಲಲಿಲ್ಲ.

ರಾತ್ರಿ ಅಮ್ಮನ ಫೋನ್ ತೆಗೆದು ನೋಡಿದೆ. ಹಿತ್ತಲಲ್ಲಿ ಮೊಬೈಲ್ ಡೇಟಾ ಚೆನ್ನಾಗೇ ಬರುತ್ತೆ. ವೈಫೈ ಪೂರ್ತಿ ಇಲ್ಲದೇ ಇದ್ದಿದ್ರೆ ಫೋನ್ ತಾನಾಗೇ ಮೊಬೈಲ್ ಡೇಟಾಗೆ ಹೋಗಿ ಕಾಲ್ ಬರ್ತಿತ್ತು. ಆದರೆ ನಾನು ಹಾಕಿದ್ದ ರಿಪೀಟರ್‌ನ ವೈಫೈ ಅಲ್ಲಿ ತುಂಬು ಕಡ್ಡಿ ತೋರಿಸ್ತಾ ಇತ್ತು. ಹಿಂದೆ ಏನೂ ಇಲ್ಲದ ಆ ವೈಫೈಯನ್ನೇ ಫೋನ್ ನಂಬಿಕೊಂಡು ಕೂತಿತ್ತು. ಸಾಯೋ ವೈಫೈ ಸತ್ತ ವೈಫೈಗಿಂತ ಕೆಟ್ಟದ್ದು. ಅವತ್ತು ರಾತ್ರಿನೇ ರಿಪೀಟರ್ ಕಿತ್ತೆ. ಅಮ್ಮನಿಗೆ, "ನಿಂಗೇನಾದ್ರೂ ಆದ್ರೆ ವಾಟ್ಸಾಪ್ ಬೇಡಮ್ಮ, ಮಾಮೂಲಿ ಫೋನ್ ಮಾಡು" ಅಂತ ಹೇಳಿ, ನನ್ನ ನಂಬರನ್ನ ಹೋಮ್ ಸ್ಕ್ರೀನ್ ಮೇಲೆ ದೊಡ್ಡದಾಗಿ ಇಟ್ಟುಕೊಟ್ಟೆ. ಇದನ್ನ ನೀವೂ ಇವತ್ತೇ ಮಾಡಿ, ಇದಕ್ಕೆ ಖರ್ಚಿಲ್ಲ. ಇನ್ನೊಂದು: ವೈಫೈ ಕುಂಟಿದಾಗ ತಾನಾಗೇ ಮೊಬೈಲ್ ಡೇಟಾಗೆ ಹೋಗೋ ಸೆಟ್ಟಿಂಗ್ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ವೈಫೈ ಪುಟದೊಳಗೆ ಇರುತ್ತೆ. ಐಫೋನ್‌ನಲ್ಲಿ ಮೊಬೈಲ್ ಡೇಟಾ ಪುಟದ ಕೆಳಗೆ ವೈಫೈ ಅಸಿಸ್ಟ್ ಅಂತ ಇದೆ. ಅಪ್ಪ ಅಮ್ಮನ ಫೋನಲ್ಲಿ ಆನ್ ಮಾಡಿಡಿ.

ಶನಿವಾರ ಕೂತು ಮಾಡಿದ ಕೆಲಸ, ಅಳೆಯೋದು. ಉಚಿತ ವೈಫೈ ಅನಲೈಸರ್ ಆಪ್ ಒಂದನ್ನ ಹಾಕ್ಕೊಂಡು ಮನೆಯೆಲ್ಲಾ ಓಡಾಡಿದೆ. ಅದು ಸಿಗ್ನಲ್ಲನ್ನ ಡಿಬಿಎಂ ಅನ್ನೋ ಲೆಕ್ಕದಲ್ಲಿ, ಮೈನಸ್ ಸಂಖ್ಯೆಯಲ್ಲಿ ತೋರಿಸುತ್ತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು. ಮೂರು ಅಂಕಿ ಕೆಳಗೆ ಹೋದ್ರೆ ಸಿಗ್ನಲ್ ಅರ್ಧ, ಹತ್ತು ಹೋದ್ರೆ ಹತ್ತನೇ ಒಂದು ಭಾಗ. ವಿಡಿಯೋ ಕಾಲ್ ನೆಮ್ಮದಿಯಾಗಿ ನಡೀಬೇಕು ಅಂದ್ರೆ ಮೈನಸ್ 67ರ ಆಚೆ ಹೋಗಬಾರದು ಅನ್ನೋದು ನೆಟ್‌ವರ್ಕ್ ಮಂದಿಯ ರೂಢಿ. ನಮ್ಮ ಹಾಲಲ್ಲಿ ಮೈನಸ್ 38. ಅಡುಗೆಮನೇಲಿ 66. ಹಿತ್ತಲ ಬಾಗಿಲಲ್ಲಿ 74. ಒಗೆಯೋ ಕಲ್ಲಿನ ಹತ್ರ 83.

ಅಪ್ಪನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆಕಾಶವಾಣಿ ಮೈಸೂರು ಬರೋದು 100.6 ಮೆಗಾಹರ್ಟ್ಜ್‌ನಲ್ಲಿ, ಅದರ ಅಲೆಯ ಉದ್ದ ಸುಮಾರು ಮೂರು ಮೀಟರ್. ನಮ್ಮ ವೈಫೈಯ 2.4 ಗಿಗಾಹರ್ಟ್ಜ್ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅಂದ್ರೆ ಒಂದು ಗೇಣಿಗಿಂತ ಕಮ್ಮಿ. 5 ಗಿಗಾಹರ್ಟ್ಜ್‌ನದ್ದು ಆರು ಸೆಂಟಿಮೀಟರ್. ಅಲೆ ಗಿಡ್ಡ ಆದಷ್ಟೂ ಗೋಡೆ ಸುತ್ತಿ ಬಳಸಿ ಬರೋದು ಕಷ್ಟ, ಇಟ್ಟಿಗೆಯಲ್ಲಿ ಸೋರಿಹೋಗೋದು ಜಾಸ್ತಿ. ಕಬ್ಬಿಣದ ಬೀರು, ಕನ್ನಡಿ ಹಿಂದಿನ ಲೋಹದ ಲೇಪ ಇದ್ರಂತೂ ಬಂದ ದಾರಿಗೆ ವಾಪಸ್ಸು. ಅದಕ್ಕಿಂತ ಮುಖ್ಯವಾದ ಮಾತು, ರೇಡಿಯೋ ಬರೀ ಕೇಳುತ್ತೆ. ಅಪ್ಪನ ಟ್ರಾನ್ಸಿಸ್ಟರ್ ಆಕಾಶವಾಣಿಗೆ ತಿರುಗಿ ಏನೂ ಹೇಳಬೇಕಾಗಿಲ್ಲ. ಫೋನ್ ಹಾಗಲ್ಲ, ಪ್ರತೀ ಮಾತಿಗೂ ರೂಟರ್‌ಗೆ "ಹೂಂ" ಅನ್ನಬೇಕು, ಅಮ್ಮನ ಮುಖವನ್ನ ಕಳಿಸಬೇಕು. ರೂಟರ್‌ನ ಶಕ್ತಿಯೇ ಒಂದು ವ್ಯಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು, ಫೋನ್‌ದು ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿ. ಎಂಟು ಆಂಟೆನಾದ, ಜೇಡರಹುಳದ ಥರ ಇರೋ ರೂಟರ್ ತಂದ್ರೂ ಫೋನಿನ ಗಂಟಲು ದೊಡ್ಡದಾಗಲ್ಲ. ಅಂಗಡಿಯೋರು ಈ ವಿಷಯ ಹೇಳಲ್ಲ.

ಇದನ್ನೆಲ್ಲಾ ವಿವರಿಸಿದಾಗ ಅಪ್ಪ ರೇಡಿಯೋ ಕಡೆ ವಾದ ಬಿಡಲಿಲ್ಲ. "ಆ ರೇಡಿಯೋನೂ ಶುರುವಾಗಿದ್ದು ಮನೆಯಿಂದಾನೇ" ಅಂದ್ರು. ನಿಜವೇ. 1935ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆ 'ವಿಠ್ಠಲ ವಿಹಾರ'ದಲ್ಲೇ ಪ್ರಸಾರ ಶುರು ಮಾಡಿದ್ದು. ಆಕಾಶವಾಣಿ ಅನ್ನೋ ಆ ಹೆಸರು ಆಮೇಲೆ ಇಡೀ ದೇಶದ ರೇಡಿಯೋದ ಹೆಸರಾಯ್ತು. ಮನಃಶಾಸ್ತ್ರದೋರು ಮನೆಯಿಂದ ಊರಿಗೇ ತಲುಪಿಸಿದ್ರು, ಕಂಪ್ಯೂಟರ್ ಸೈನ್ಸ್‌ನೋನಿಗೆ ಹಿತ್ತಲಿಗೆ ತಲುಪಿಸೋಕಾಗಿಲ್ಲ. ಅಪ್ಪ ಇದನ್ನ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿತ್ತು.

ಮೊದಲ ರಿಪೇರಿ ಪುಕ್ಕಟೆ. ಡಬ್ಬಿಯನ್ನ ಷೋಕೇಸ್ ಹಿಂದಿನಿಂದ ಬಿಡಿಸಿ, ಕ್ರೋಶಾ ಕವರ್ ಅಮ್ಮನಿಗೆ ವಾಪಸ್ ಕೊಟ್ಟು, ಫೈಬರ್ ಎಷ್ಟು ದೂರ ಬರುತ್ತೋ ಅಷ್ಟು ಒಳಗೆ ತಂದು ಎತ್ತರದ ಸಜ್ಜಾದ ಮೇಲೆ ಇಟ್ಟೆ. ಫೈಬರ್ ವೈರ್ ಒಳಗೆ ಗಾಜಿನ ಎಳೆ ಇರುತ್ತೆ, ಕರೆಂಟ್ ವೈರ್ ಥರ ಮಡಚಿ ಮೂಲೆ ತಿರುಗಿಸಬೇಡಿ. ಇಷ್ಟಕ್ಕೇ ಒಗೆಯೋ ಕಲ್ಲಿನ ಹತ್ರ 83 ಇದ್ದಿದ್ದು 75 ಆಯ್ತು. ಸಾಲದು, ಆದರೆ ಒಂದು ರೂಪಾಯಿ ಖರ್ಚಿಲ್ಲದೆ ಆರು ಪಟ್ಟು.

ಆಮೇಲೆ ಚಾನೆಲ್. ಆಪಲ್ಲಿ ನೋಡಿದ್ರೆ ನಮ್ಮ ಹಾಲಿಗೆ ಅಕ್ಕಪಕ್ಕದ ಹತ್ತೊಂಬತ್ತು ಮನೆಯ ವೈಫೈ ಕಾಣ್ತಿತ್ತು. ಅಪ್ಪನ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳೋಕೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತಂತೆ. ವೈಫೈಗೆ ಹಾಗಿಲ್ಲ, 2.4 ಗಿಗಾಹರ್ಟ್ಜ್ ಬ್ಯಾಂಡನ್ನ ನಮ್ಮ ಸರ್ಕಾರ 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿತು, 5 ಗಿಗಾಹರ್ಟ್ಜ್‌ನ ಬಹುಭಾಗವನ್ನ 2018ರಲ್ಲಿ. ಯಾರಪ್ಪನ ಆಸ್ತಿಯೂ ಅಲ್ಲದ ಜಾಗ ಅಂದ ಮೇಲೆ ದೇವರಾಜ ಮಾರ್ಕೆಟ್‌ನ ಹಬ್ಬದ ಸಂಜೆ ಥರ ನೂಕುನುಗ್ಗಲು. 2.4ರಲ್ಲಿ ಹದಿಮೂರು ಚಾನೆಲ್ ಇವೆ ಅಂತ ತೋರಿಸಿದ್ರೂ ಒಂದರ ಮೇಲೊಂದು ಬೀಳದಿರೋದು 1, 6, 11 ಈ ಮೂರೇ. ನಮ್ಮ ಬೀದಿಯ ಅರ್ಧಕ್ಕರ್ಧ ಮನೆ 6ರಲ್ಲಿ ಕೂತಿದ್ವು. ನಾನು 1ಕ್ಕೆ ಹೋದೆ. ಚಾನೆಲ್ ಅಗಲ 20 ಮೆಗಾಹರ್ಟ್ಜ್‌ಗೆ ಇಳಿಸಿದೆ, 40 ಇಟ್ಟರೆ ಪಕ್ಕದೋರ ಜಾಗಕ್ಕೂ ಕಾಲು ಚಾಚಿದ ಹಾಗೆ. ಮೈಕ್ರೋವೇವ್ ಓವನ್ ಕೂಡ ಇದೇ 2.4ರ ಆಸುಪಾಸಿನಲ್ಲೇ ಕೆಲಸ ಮಾಡೋದು, ಅದರ ಪಕ್ಕ ರೂಟರ್ ಇಡಬೇಡಿ.

ಇನ್ನು ನಿಜವಾದ ಪರಿಹಾರ. ಅಟ್ಟದ ಮೇಲೆ ಹಳೇ ರೂಟರ್ ಇತ್ತು, ಹಿಂದಿನ ಕಂಪನಿಯ ಕನೆಕ್ಷನ್ ಬಿಟ್ಟಾಗ ಉಳಿದಿದ್ದು. ಇಷ್ಟು ದಿನ ಅದರ ನೆನಪೇ ಬಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನದು ಅಟ್ಟದ ಡಬ್ಬಿ. ಐಡಿಯಾ ಸರಳ: ಹೊಸ ರೂಟರ್‌ನಿಂದ ಹಿಂದಿನವರೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆದು, ಅದರ ತುದಿಗೆ ಹಳೇ ರೂಟರ್ ಕೂರಿಸೋದು. ಗೋಡೆ ದಾಟೋ ಕಷ್ಟದ ಕೆಲಸವನ್ನ ತಾಮ್ರಕ್ಕೆ ಬಿಟ್ಟು, ಕಿಟಕಿಯಿಂದ ಹಿತ್ತಲಿಗೆ ಹಾರೋ ಸುಲಭದ ಕೆಲಸ ಮಾತ್ರ ಗಾಳಿಗೆ.

ಕೇಬಲ್ ತಗೊಳ್ಳುವಾಗ ಹೊರಗೆ ಹಾಕೋ ಕಪ್ಪು ಕೋಟಿಂಗ್‌ನದ್ದೇ ಕೇಳಿ, ಒಳಾಂಗಣದ ಬೂದು ಕೇಬಲ್ ಬಿಸಿಲಿಗೆ ಬಿರುಕು ಬಿಡುತ್ತೆ. ಪೂರ್ತಿ ತಾಮ್ರದ್ದು ಅಂತ ಖಾತ್ರಿ ಮಾಡ್ಕೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು ಅಗ್ಗಕ್ಕೆ ಸಿಗುತ್ತೆ, ಮುರಿಯುತ್ತೆ. ಇಪ್ಪತ್ತೈದು ಮೀಟರ್ ಕೇಬಲ್‌ಗೆ ಏಳ್ನೂರು, ತುದಿಯ ಪಿನ್ನುಗಳು ಕ್ಲಿಪ್ಪು ಎಲ್ಲಾ ಸೇರಿ ನೂರ ನಲವತ್ತು, ಎರಡು ಗೋಡೆ ತೂತು ಹೊಡೆದುಕೊಟ್ಟ ಎಲೆಕ್ಟ್ರಿಷಿಯನ್‌ಗೆ ಮುನ್ನೂರು. ಒಟ್ಟು ಸಾವಿರದ ನೂರ ನಲವತ್ತು. ಪ್ಲಾನ್ ಏರಿಸಿ, ರಿಪೀಟರ್ ತಂದು ಹಾಳು ಮಾಡಿದ್ದು ಎರಡು ಸಾವಿರದ ಎಂಟ್ನೂರು. ಅಪ್ಪ ಬ್ಯಾಂಕಿನಲ್ಲಿದ್ದೋರು, ಈ ಲೆಕ್ಕವನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ.

ಪಕ್ಕದ ಓಣಿಯಲ್ಲಿ ಚಜ್ಜಾದ ಕೆಳಗೇ ಮಳೆ ತಾಗದ ಹಾಗೆ ಕೇಬಲ್ ಓಡಿಸಿದ್ವಿ. ತೂತನ್ನ ಹೊರಗಿನಿಂದ ಒಳಕ್ಕೆ ಮೇಲ್ಮುಖವಾಗಿ ಹೊಡೆಸಿ, ಇಲ್ಲಾಂದ್ರೆ ಮಳೆನೀರು ಕೇಬಲ್ ಹಿಡ್ಕೊಂಡು ಒಳಗೇ ಬರುತ್ತೆ. ಹಳೇ ರೂಟರನ್ನ ಹಿತ್ತಲಲ್ಲಿ ನೇತು ಹಾಕೋ ಆಸೆ ಬೇಡ. ಅಡುಗೆಮನೆಯ ಹಿಂದಿನ ಕಿಟಕಿಯ ಒಳಗೆ, ಒಲೆಯಿಂದ ದೂರ ಇಟ್ಟೆವು. ಕಿಟಕಿ ಗಾಜು ವೈಫೈಗೆ ದೊಡ್ಡ ಅಡ್ಡಿಯಲ್ಲ. ನಮ್ಮೂರಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಿಡಿಲು ಗೊತ್ತಲ್ಲ, ಮನೆ ಹೊರಗೆ ಹೋಗೋ ತಾಮ್ರದ ಕೇಬಲ್ ಅಂದ್ರೆ ಆಗ ಸ್ವಲ್ಪ ಭಯಾನೇ. ಮೋಡ ಕಟ್ಟಿದ್ರೆ ಎರಡೂ ತುದಿ ಕಿತ್ತಿಡ್ತೀವಿ.

ಹಳೇ ರೂಟರ್‌ನಲ್ಲಿ ಬದಲಿಸಿದ್ದು ಕೆಲವೇ ಸಂಗತಿ, ಆದರೆ ಹೆಚ್ಚಿನ ಜನ ಎಡವೋದು ಇಲ್ಲೇ. ಮೊದಲು ಪಿನ್ನಿಂದ ಚುಚ್ಚಿ ರೀಸೆಟ್ ಮಾಡಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅದರ ಸೆಟ್ಟಿಂಗ್ ಪುಟ ತೆಗೆದು ಅದರ ವಿಳಾಸವನ್ನ ಹೊಸ ರೂಟರ್‌ನ ಪಕ್ಕದ್ದಕ್ಕೆ ಬದಲಿಸಿ. ಹೊಸದು 192.168.1.1 ಆದ್ರೆ ಇದು 192.168.1.2. ಆಮೇಲೆ ಡಿಎಚ್‌ಸಿಪಿ ಅನ್ನೋದನ್ನ ಆಫ್ ಮಾಡಿ. ಮನೆಗೆ ಬಂದ ಫೋನುಗಳಿಗೆಲ್ಲಾ ನಂಬರ್ ಚೀಟಿ ಹಂಚೋ ಕೆಲಸ ಅದು. ಒಂದು ಮನೇಲಿ ಇಬ್ಬರು ಚೀಟಿ ಹಂಚಿದ್ರೆ ಜಗಳ ಖಾತ್ರಿ. ಕೇಬಲ್ಲನ್ನ ಬೇರೆ ಬಣ್ಣದ ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಅಂತ ಬರೆದಿರೋ ಸಾಲಿನ ಯಾವುದಾದರೊಂದಕ್ಕೆ ಹಾಕಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ. ನಮ್ಮದು ಮುಂದೆ 1, ಹಿಂದೆ 11. ನಿಮ್ಮ ಹಳೇ ರೂಟರ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಒಂದೇ ಗುಂಡಿ ಇದ್ರೆ ಇಷ್ಟೆಲ್ಲಾ ತಲೆನೋವಿಲ್ಲ, ಅದನ್ನೇ ಒತ್ತಿ.

ಎಲ್ಲಾ ಮಾಡಿ ಸ್ಪೀಡ್ ನೋಡಿದ್ರೆ ಎಷ್ಟು ಮಾಡಿದ್ರೂ 94ರ ಮೇಲೆ ಹೋಗಲ್ಲ. ಅರ್ಧ ಗಂಟೆ ತಲೆ ಕೆರ್ಕೊಂಡೆ. ಕೇಬಲ್ ಒಳಗೆ ಎಂಟು ಎಳೆ. ಎಂಟೂ ಸರಿಯಾಗಿ ಕೂತರೆ ಗಿಗಾಬಿಟ್, ಒಂದು ಎಳೆ ತಪ್ಪಿದ್ರೂ ನಾಲ್ಕರಲ್ಲೇ ನಡೆಸಿಕೊಂಡು ನೂರಕ್ಕೆ ಇಳಿಯುತ್ತೆ. ನಾನು ಒತ್ತಿದ ಪಿನ್ನಲ್ಲಿ ಕಂದು ಎಳೆ ಒಳಗೇ ಹೋಗಿರಲಿಲ್ಲ. ಸರಿ ಮಾಡೋಣ ಅಂತ ಏಣಿ ಕೇಳಿದೆ. ಅಪ್ಪ, "ಅಳಿಲು ತೋರಿಸೋಕೆ 94 ಸಾಲದೇನೋ?" ಅಂದ್ರು. ಪ್ಲಾನ್ ಅಷ್ಟರಲ್ಲಿ ನೂರಕ್ಕೇ ಇಳಿಸಿಯಾಗಿತ್ತು. ಬಿಟ್ಟೆ.

ಒಗೆಯೋ ಕಲ್ಲಿನ ಹತ್ರ ಈಗ ಮೈನಸ್ 51. ಮೊದಲಿನ 83ಕ್ಕೆ ಹೋಲಿಸಿದ್ರೆ ಸುಮಾರು ಸಾವಿರದ ಆರುನೂರು ಪಟ್ಟು.

ಬಾಡಿಗೆ ಮನೆಯೋರು ಗೋಡೆ ಕೊರೆಯೋಕಾಗಲ್ಲ, ಗೊತ್ತು. ಬಾಗಿಲ ಸಂದಿಯಲ್ಲಿ ತೂರೋ ಚಪ್ಪಟೆ ಕೇಬಲ್ ಸಿಗುತ್ತೆ, ಸ್ಕರ್ಟಿಂಗ್ ಪಕ್ಕ ಅಂಟಿಸಿ. ಅದೂ ಆಗಲ್ಲ ಅಂದ್ರೆ ಎರಡು ಬ್ಯಾಂಡಿನ ಮೆಶ್ ಜೋಡಿ ತಗೊಳ್ಳಿ, ದುಬಾರಿ, ಆದರೆ ಎರಡನೆಯದನ್ನ ನಡುಮನೇಲಿಡಿ, ಹಿತ್ತಲಲ್ಲಲ್ಲ. ಹಳೇ ರೂಟರ್ ಇಲ್ಲದೋರು ನೆಂಟರ ಮನೆ ಅಟ್ಟ ಕೇಳಿ. ಹತ್ತರಲ್ಲಿ ಆರು ಮನೇಲಿ ಇದ್ದೇ ಇರುತ್ತೆ ಅಂತ ನನ್ನ ಅಂದಾಜು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಅಮ್ಮ ಎಡಗೈಯಲ್ಲಿ ಹೂಬುಟ್ಟಿ ಹಿಡ್ಕೊಂಡು ಅಕ್ಕನಿಗೆ ಕಾಲ್ ಮಾಡಿದ್ಲು. ಪಾಚಿ ಉಜ್ಜಿಸಿ ಅಲ್ಲಿಗೆ ಒರಟು ಕಲ್ಲು ಹಾಕಿಸಿದ್ದನ್ನೂ ಆಗಲೇ ತೋರಿಸಿದ್ದು. ಅದನ್ನ ಮೊದಲು ಮಾಡಬೇಕಿತ್ತು ಅಂತ ಅಕ್ಕ ನನಗೆ ಬೈದಿದ್ದು ಒಂದು ಅಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸ್ತು.

ಅಪ್ಪನ ಈಗಿನ ತಕರಾರು ಕರೆಂಟು. ಹಿಂದಿನ ರೂಟರ್ ಎಂಟು ವ್ಯಾಟ್ ತಿನ್ನುತ್ತೆ, ಇಡೀ ದಿನ ಹಾಕಿಟ್ರೆ ತಿಂಗಳಿಗೆ ಆರು ಯೂನಿಟ್ ಹತ್ತಿರ. ಹಾಗಾಗಿ ರಾತ್ರಿ ಹತ್ತಕ್ಕೆ ಸ್ವಿಚ್ ಆಫ್ ಮಾಡ್ತಾರೆ. ಬೆಳಿಗ್ಗೆ ಅಮ್ಮ ಹಾಲಿಟ್ಟು, ಸ್ವಿಚ್ ಹಾಕಿ, ಹಸಿರು ದೀಪ ನಿಲ್ಲೋವರೆಗೆ ಕಿಟಕಿ ಹತ್ರ ಕಾದು, ಆಮೇಲೆ ಬುಟ್ಟಿ ತಗೊಂಡು ಹಿತ್ತಲಿಗೆ ಹೋಗ್ತಾಳೆ.